ಕಾಮಾಲೆಯ ಮದ್ದು, ಕಾಮಾಲೆಯ ಕಣ್ಣು

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿನಷ್ಟು ವಿಚಿತ್ರವಾದ ಮಾತುಗಳು ಕೆಲವೇ ಇದ್ದಾವು. ರೋಗವನ್ನು ಕಳೆಯುವುದೂ ಮದ್ದೇ. ಬಂದೂಕಿನ ನಳಿಗೆಯಲ್ಲಿ ತುಂಬುವುದೂ ಮದ್ದೇ. ಆಗದವರು ಅನ್ನದಲ್ಲಿ ಗುಟ್ಟಾಗಿ ಬೆರೆಸುತ್ತಾರೆಂದು ಹಳ್ಳಿಯ ಜನ ಅಂಜುವುದೂ ಮದ್ದೇ. ಮದ್ದೂರಿಗೆ ಆ ಹೆಸರು ಬಂದದ್ದು ಸಿಡಿಮದ್ದಿನಿಂದಲೇ ಎಂದು ಹೇಳುವವರುಂಟು. ಅದಿರಲಿ, ಆ ತಾಲ್ಲೂಕಿನ ಗೆಜ್ಜಲಗೆರೆಯ ಕಡೆ ನಾನು ಕೇಳುತ್ತ ಬಂದಿರುವ ಮದ್ದುಗಳಲ್ಲಿ ಕಾಮಾಲೆಯ ಮದ್ದಿಗೆ ಇರುವ ಪ್ರತಿಷ್ಠೆ ಬೇರೆ ಯಾವುದಕ್ಕೂ ಇಲ್ಲ.

ವಿಶ್ವೇಶ್ವರಯ್ಯ ನಾಲೆಯ ನೀರುಂಡ ಈ ಬಯಲಿನಲ್ಲಿ, ಗದ್ದೆಯ ಬದುವಿನ ಮೇಲೆ, ಬಚ್ಚಲ ನೀರು ಹರಿಯುವ ಹಿತ್ತಿಲಿನಲ್ಲಿ, ಯಾರೂ ಬಿತ್ತದೆ ಬೆಳೆಯುವ ಗಿಡ ನೆಲನೆಲ್ಲಿ. ಗೇಣುದ್ದದ ಸಸಿ, ಎಲೆಯ ಕಡ್ಡಿಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಸಾಸಿವೆಯಂಥ ಕಾಯಿಗಳ ಸಾಲು. ಇದನ್ನು ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ, ಬೆಳಗಿನ ಬರಿ ಹೊಟ್ಟೆಗೆ ಕೊಡುತ್ತಾರೆ. ಜೊತೆಗೆ ಪಥ್ಯ: ಎಣ್ಣೆಯಿಲ್ಲ, ತುಪ್ಪವಿಲ್ಲ, ಕೆಲವೆಡೆ ಉಪ್ಪೂ ಇಲ್ಲ.

ಒಮ್ಮೆ ತರಗತಿಯಲ್ಲಿ ಹಳಗನ್ನಡದ ವೈದ್ಯಗ್ರಂಥಗಳ ವಿಚಾರ ಬಂದಿತ್ತು. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ಬರೆದ ‘ಖಗೇಂದ್ರಮಣಿದರ್ಪಣ’ ಇವುಗಳನ್ನು ಹೆಸರಿಸಿ, ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ನಮ್ಮವರು ಹಿಂಜರಿಯಲಿಲ್ಲವೆಂದು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ನನಗೆ ಕಾಮಾಲೆ ಬಂದಾಗ ನಮ್ಮಜ್ಜಿ ನೆಲನೆಲ್ಲಿ ಕೊಟ್ಟರು, ಮೂರು ವಾರಕ್ಕೆ ವಾಸಿಯಾಯಿತು. ಇದಕ್ಕಿಂತ ಸಾಕ್ಷಿ ಬೇಕೇ?” ಎಂದ. ಪ್ರಶ್ನೆ ನ್ಯಾಯವಾದದ್ದು. ಉಡಾಫೆಯಿಂದ ತಳ್ಳಿಹಾಕುವಂಥದಲ್ಲ.

ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೇರಿಯಿದೆ. ತನ್ನ ಹಸುವಿನ ಹಾಲು ಗಟ್ಟಿಯೆಂದು ಪ್ರತಿಯೊಬ್ಬ ರೈತನಿಗೂ ನಂಬಿಕೆ. ಆದರೆ ಹಾಲಿನ ಸಂಘದಲ್ಲಿ ಯಾರೂ ಆ ನಂಬಿಕೆಗೆ ಬೆಲೆ ಕಟ್ಟುವುದಿಲ್ಲ. ಜಿಡ್ಡನ್ನು ಅಳೆದು ಹಣ ಕೊಡುತ್ತಾರೆ. ಅಳತೆಯಿಂದ ರೈತನಿಗೆ ಅವಮಾನವಾಯಿತೆಂದು ಯಾರೂ ಹೇಳರು. ಮದ್ದಿಗೂ ಅಂಥ ಒಂದು ಅಳತೆ ಬೇಕು, ಮತ್ತು ಅದರ ಹೆಸರು ಹೋಲಿಕೆ. ಮದ್ದು ತಿಂದವನು ಗುಣವಾದನೆಂಬುದು ಅರ್ಧ ಮಾತು. ತಿನ್ನದವನು ಏನಾದನೆಂಬುದು ಉಳಿದರ್ಧ.

ಕಾಮಾಲೆಯಲ್ಲಿ ಈ ಉಳಿದರ್ಧವೇ ಮುಖ್ಯ. ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳ ಲಕ್ಷಣ. ಕೆಟ್ಟ ನೀರು, ಆಹಾರಗಳಿಂದ ಹರಡುವ ಹೆಪಟೈಟಿಸ್ ‘ಎ’ ಮತ್ತು ‘ಇ’ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ರಕ್ತದ ಮೂಲಕ, ತಾಯಿಯಿಂದ ಮಗುವಿಗೆ ಹರಡುವ ಹೆಪಟೈಟಿಸ್ ‘ಬಿ’ ಕೂಡ ವಯಸ್ಕರಿಗೆ ಹೊಸದಾಗಿ ತಗಲಿದಾಗ ನೂರರಲ್ಲಿ 90ಕ್ಕೂ ಹೆಚ್ಚು ಮಂದಿಯನ್ನು ಬಿಟ್ಟುಹೋಗುತ್ತದೆ. ಅಂದಮೇಲೆ, ಹುಣ್ಣಿಮೆಯ ಹಿಂದಿನ ದಿನ ದೀಪ ಹಚ್ಚಿ, ಚಂದ್ರನನ್ನು ಬೆಳಗಿಸಿದ್ದು ನನ್ನ ದೀಪವೇ ಎಂದರೆ ಹೇಗೋ ಹಾಗಾಯಿತು. ಅಜ್ಜಿಯ ಪ್ರೀತಿ ನಿಜ, ಹುಡುಗ ಚೇತರಿಸಿಕೊಂಡದ್ದೂ ನಿಜ. ಇವೆರಡರ ನಡುವೆ ಗಿಡದ ಪಾತ್ರವೆಷ್ಟೆಂಬುದು ಮಾತ್ರ ಆ ಕಥೆಯಿಂದ ತಿಳಿಯದು.

ಆ ಪಾತ್ರವನ್ನು ಅಳೆಯುವ ಪ್ರಯತ್ನ ನಮ್ಮ ನೆರೆಯಲ್ಲಿಯೇ ನಡೆಯಿತು. ಮದರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ‘ಬಿ’ ವೈರಸ್ಸನ್ನು ಮೈಯಲ್ಲಿ ಹೊತ್ತಿದ್ದವರಿಗೆ 30 ದಿನ ನೆಲನೆಲ್ಲಿಯ ಪುಡಿಯನ್ನು ಕೊಟ್ಟರು. ಮತ್ತೊಂದು ಗುಂಪಿಗೆ ಔಷಧಗುಣವಿಲ್ಲದ ತೋರಿಕೆಯ ಗುಳಿಗೆ. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಬೆರಗುಗೊಳಿಸುವಂತಿತ್ತು: ಗಿಡದ ಗುಂಪಿನ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು, ಇನ್ನೊಂದು ಗುಂಪಿನ 23 ಜನರಲ್ಲಿ ಒಬ್ಬನಿಗೆ ಮಾತ್ರ. ಲೇಖಕರಲ್ಲಿ ಆ ವೈರಸ್ಸನ್ನು ಕಂಡುಹಿಡಿದು 1976ರ ನೊಬೆಲ್ ಬಹುಮಾನವನ್ನು ಹಂಚಿಕೊಂಡಿದ್ದ ಬರೂಕ್ ಬ್ಲೂಂಬರ್ಗ್ ಕೂಡ ಇದ್ದರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾವು ಹೆಮ್ಮೆಪಡಬಹುದಾಗಿತ್ತು. ಆದರೆ ಶಾಸ್ತ್ರದಲ್ಲಿ ಒಮ್ಮೆ ಕಂಡದ್ದು ಮತ್ತೊಮ್ಮೆ, ಮತ್ತೊಬ್ಬರಿಗೂ ಕಾಣಬೇಕು. ಮುಂದೆ ತಾಯ್ಲೆಂಡಿನಲ್ಲಿ ಪರೀಕ್ಷಿಸಿದಾಗ ಆ ಫಲ ದೊರೆಯಲಿಲ್ಲ. ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯ 2011ರ ಸಮೀಕ್ಷೆ, ದೀರ್ಘಕಾಲದ ಹೆಪಟೈಟಿಸ್ ‘ಬಿ’ಗೆ ಈ ಜಾತಿಯ ಗಿಡಗಳು ಉಪಯುಕ್ತವೆನ್ನಲು ನಂಬತಕ್ಕ ಆಧಾರವಿಲ್ಲವೆಂದಿತು. ನೆಲನೆಲ್ಲಿಯೆಂಬ ಒಂದೇ ಹೆಸರಿನಲ್ಲಿ ಕರೆಯಿಸಿಕೊಳ್ಳುವ ಗಿಡಗಳು ಹಲವಾರೆಂಬ ತೊಡಕೂ ಉಂಟು. ಅಲ್ಲದೆ, ಮದರಾಸಿನ ಪ್ರಯೋಗ ನಡೆದದ್ದು ವೈರಸ್ಸನ್ನು ಹೊತ್ತವರ ಮೇಲೆ, ಕಾಮಾಲೆಯ ರೋಗಿಗಳ ಮೇಲಲ್ಲ. ಅದನ್ನೇ ಕಾಮಾಲೆಯ ಮದ್ದಿಗೆ ಪ್ರಮಾಣವೆಂದು ಹೇಳುವವರು ಈ ಭೇದವನ್ನು ಮರೆಯುತ್ತಾರೆ.

ಹಾಗೆಂದು ಗಿಡಮೂಲಿಕೆಯೆಲ್ಲ ಹುಸಿಯೆಂದು ತೀರ್ಮಾನಿಸುವುದೂ ಇನ್ನೊಂದು ಬಗೆಯ ಮೂಢತನವೇ. ಸರ್ಪಗಂಧಿ ಅಳತೆಗೆ ನಿಂತು ಗೆದ್ದ ಗಿಡ. ಬೊಂಬಾಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಪ್ರಕಟಿಸಿದರು; 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು; ಲೋಕವೆಲ್ಲ ಅದನ್ನು ಬಳಸಿತು. ಅತ್ತ, ಹಳ್ಳಿಯ ಮದ್ದನ್ನು ಕಂಡು ನಗುವ ಪಟ್ಟಣಿಗನ ಜೇಬಿನಲ್ಲಿಯೂ ಒಂದು ನೆಲನೆಲ್ಲಿ ಇದೆ. ಲೈನಸ್ ಪಾಲಿಂಗನಂಥ ಮಹಾವಿಜ್ಞಾನಿ 1970ರಲ್ಲಿ ‘ಸಿ’ ಜೀವಸತ್ವ ನೆಗಡಿಯನ್ನು ತಡೆಯುವುದೆಂದು ಪುಸ್ತಕ ಬರೆದಂದಿನಿಂದ ಆ ಗುಳಿಗೆ ಬಿಸಿಬಿಸಿಯಾಗಿ ಮಾರುತ್ತಿದೆ. ಸಾವಿರಾರು ಜನರಲ್ಲಿ ಹೋಲಿಸಿ ನೋಡಿದಾಗ, ನಿತ್ಯ ನುಂಗುವ ಸಾಮಾನ್ಯರಿಗೂ ನೆಗಡಿ ಬಂದೇ ಬರುವುದೆಂದೂ, ವಯಸ್ಕರಲ್ಲಿ ಅದರ ಅವಧಿ ನೂರಕ್ಕೆ ಸುಮಾರು 8ರಷ್ಟು ಮಾತ್ರ ಕಡಿಮೆಯಾಗುವುದೆಂದೂ ಕಂಡಿತು. ಪ್ರಶ್ನೆ ಹಳ್ಳಿ–ಪಟ್ಟಣಗಳದಲ್ಲ, ಅಳೆದದ್ದು ಮತ್ತು ಅಳೆಯದ್ದರದು.

ನೆಗಡಿಯಲ್ಲಿ ಈ ಭೇದವನ್ನು ಮರೆತರೆ ನಷ್ಟ ಹಣದ್ದು, ಕಾಮಾಲೆಯಲ್ಲಿ ಪ್ರಾಣದ್ದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಬಂದ ಕಾಮಾಲೆಯನ್ನು ಯಾವ ಪಥ್ಯವೂ ಕರಗಿಸಲಾರದು. ರೋಗಿಗೆ ಮಂಕು ಕವಿದರೆ, ಮಾತು ತೊದಲಿದರೆ, ರಕ್ತ ಒಸರಿದರೆ ಒಂದು ಗಳಿಗೆಯನ್ನೂ ಕಳೆಯಬಾರದು. ತುಂಬು ಬಸುರಿಗೆ ಹೆಪಟೈಟಿಸ್ ‘ಇ’ ಅತ್ಯಂತ ಅಪಾಯಕಾರಿ. ಸಾಮಾನ್ಯ ಕಾಮಾಲೆಯವನಿಗೂ ಬೇಕಾದದ್ದು ವಿಶ್ರಾಂತಿ, ನೀರು, ಸಾಕಷ್ಟು ಅನ್ನ, ಉಪವಾಸದ ಪಥ್ಯವಲ್ಲ. ಹೆಪಟೈಟಿಸ್ ‘ಬಿ’ಗಂತೂ, ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹಾಕುವ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತದೆ, ಹಸುಳೆಗೆ ತಗಲಿದರೆ ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಬಹುಕಾಲ ನೆಲೆಯೂರುವುದರಿಂದ ಈ ಸೂಜಿಯ ಬೆಲೆ ದೊಡ್ಡದು.

ಇಷ್ಟನ್ನು ನನ್ನ ವಿದ್ಯಾರ್ಥಿಗೆ ಹೇಳಿದೆ. “ಹಾಗಾದರೆ ಅಜ್ಜಿಗೆ ಏನು ಹೇಳಲಿ, ಸಾರ್?” ಎಂದು ಕೇಳಿದ. “ಮೊದಲು ರಕ್ತ ಪರೀಕ್ಷೆ ಮಾಡಿಸೋಣ ಅಜ್ಜಿ, ಯಾವ ಕಾಮಾಲೆಯೆಂದು ತಿಳಿಯಲಿ ಎನ್ನು. ನೀನು ಕೊಟ್ಟದ್ದು ಸುಳ್ಳು ಎನ್ನಬೇಡ” ಎಂದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದು ನಮ್ಮ ಹಿರಿಯರ ಗಾದೆ. ತಾನು ನಂಬಿದ್ದನ್ನೇ ಎಲ್ಲೆಲ್ಲಿಯೂ ಕಾಣುವ ಕಣ್ಣಿನ ಮಾತನ್ನು ಒಡನೆಯೇ ಒಪ್ಪಬಾರದೆಂಬ ಎಚ್ಚರ ಅವರಿಗೂ ಇತ್ತು. ಆ ಎಚ್ಚರವನ್ನು ಅವರು ಕೊಟ್ಟ ಮದ್ದಿಗೂ ಅನ್ವಯಿಸಿ ನೋಡಿದರೆ ಅವರಿಗೆ ಅಗೌರವವಾಗುವುದಿಲ್ಲ.