ವೇಗ ಬೇಕೆಂದರೆ ಬ್ರೇಕ್ ಬೇಕು

ಇಟಲಿಯ ಮಿಲಾನ್ ನಗರಕ್ಕೆ ಉತ್ತರದಲ್ಲಿ, ಹಳೆಯ ಅರಮನೆಯೊಂದರ ವಿಶಾಲ ಉದ್ಯಾನದ ಮರಗಳ ನಡುವೆ ಮೊಂಜಾ ರೇಸ್ ಪಥವಿದೆ. 1922ರಲ್ಲಿ ಮೂರೂವರೆ ಸಾವಿರ ಕೆಲಸಗಾರರು 110 ದಿನಗಳಲ್ಲಿ ಕಟ್ಟಿ ಮುಗಿಸಿದ ಪಥ ಇದು. 1950ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ ಶುರುವಾದ ಮೇಲೆ, 1980 ಒಂದನ್ನು ಬಿಟ್ಟರೆ, ಪ್ರತಿ ವರ್ಷವೂ ಇಲ್ಲಿ ಸ್ಪರ್ಧೆ ನಡೆದಿದೆ. 2026ರ ಸೆಪ್ಟೆಂಬರ್ 4ರಿಂದ 6ರವರೆಗೆ ಮತ್ತೆ ಇಟಾಲಿಯನ್ ಗ್ರಾನ್ ಪ್ರಿ. ಪಥ ಹಳೆಯದು, ಓಡುವ ಯಂತ್ರ ಮಾತ್ರ ಈ ವರ್ಷ ಹೊಸದು. ವೇಗಕ್ಕೇ ಹೆಸರಾದ ಈ ಜಾಗ ಆ ಹೊಸ ಯಂತ್ರಕ್ಕೆ ಅತಿ ಕಠಿಣ ಪರೀಕ್ಷೆಗಳಲ್ಲೊಂದು ಎಂಬುದೇ ಈ ವಾರಾಂತ್ಯದ ಸ್ವಾರಸ್ಯ.

ಮೊಂಜಾದ ಒಂದು ಸುತ್ತು 5.793 ಕಿ.ಮೀ., ತಿರುವುಗಳು ಹನ್ನೊಂದೇ. ಉಳಿದದ್ದೆಲ್ಲ ಉದ್ದುದ್ದ ನೇರ ದಾರಿ. 2025ರ ಅರ್ಹತಾ ಸುತ್ತಿನಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಇದನ್ನು 1 ನಿಮಿಷ 18.792 ಸೆಕೆಂಡಿನಲ್ಲಿ ಸುತ್ತಿದರು. ತಿರುವುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಗಂಟೆಗೆ ಸರಾಸರಿ 264 ಕಿ.ಮೀ.ಗೂ ಹೆಚ್ಚು.

ಇಂಥ ವೇಗದಲ್ಲಿ ಇಂಜಿನ್ನಿನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರಿದರೆ, ಆ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಗಂಟೆಗೆ 300 ಕಿ.ಮೀ.ಯಲ್ಲಿರುವ ಕಾರು 330ಕ್ಕೆ ಹೋಗಬೇಕೆಂದರೆ ವೇಗ ಹೆಚ್ಚುವುದು ಶೇ. 10, ಶಕ್ತಿ ಮಾತ್ರ ಶೇ. 33 ಹೆಚ್ಚು ಬೇಕು. ತಿರುವಿನಲ್ಲಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ರೆಕ್ಕೆಗಳು ನೇರ ದಾರಿಯಲ್ಲಿ ಗಾಳಿಗೆ ಅಡ್ಡ ನಿಲ್ಲುತ್ತವೆ. ಅದಕ್ಕೇ ತಂಡಗಳು ಇಷ್ಟು ವರ್ಷ ಮೊಂಜಾಕ್ಕೆಂದೇ ಅತಿ ತೆಳುವಾದ ರೆಕ್ಕೆಗಳನ್ನು ಬೇರೆಯಾಗಿ ಮಾಡಿಸಿ ತರುತ್ತಿದ್ದವು. ಹೊಸ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ರೆಕ್ಕೆಗಳು ನೇರ ದಾರಿ ಬಂದಾಗ ಮಲಗುತ್ತವೆ, ತಿರುವು ಬಂದಾಗ ಮತ್ತೆ ಏಳುತ್ತವೆ. ಗಾಳಿಯ ಸಮಸ್ಯೆ ಅಷ್ಟರಮಟ್ಟಿಗೆ ಹಗುರಾಯಿತು. ಇನ್ನೊಂದು ಸಮಸ್ಯೆ ಹುಟ್ಟಿಕೊಂಡಿದೆ, ಅದು ವಿದ್ಯುತ್ತಿನದು.

ಹೊಸ ನಿಯಮದಂತೆ ಕಾರಿನ ಒಟ್ಟು ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ವಿದ್ಯುತ್ ಮೋಟಾರಿನಿಂದ ಬರುತ್ತದೆ. ಪೆಟ್ರೋಲ್ ಇಂಜಿನ್ ಸುಮಾರು 400 ಕಿಲೋವ್ಯಾಟ್, ಮೋಟಾರು 350 ಕಿಲೋವ್ಯಾಟ್. ಹಿಂದಿನ ಕಾರುಗಳಲ್ಲಿ ಈ ಮೋಟಾರು 120 ಕಿಲೋವ್ಯಾಟಿನದು. ಜೊತೆಗೆ ಟರ್ಬೊದಿಂದ ವಿದ್ಯುತ್ ತೆಗೆಯುವ ಇನ್ನೊಂದು ಯಂತ್ರವೂ ಇತ್ತು. ಅದನ್ನೀಗ ಕೈಬಿಟ್ಟಿದ್ದಾರೆ. ಹಾಗಾದರೆ ಬ್ಯಾಟರಿ ತುಂಬುವುದು ಹೇಗೆ? ಮುಖ್ಯವಾಗಿ ಬ್ರೇಕ್ ಹಾಕಿದಾಗ. ನಮ್ಮೂರಿನ ಎಷ್ಟೋ ಎಲೆಕ್ಟ್ರಿಕ್ ಸ್ಕೂಟರುಗಳು ಇಳಿಜಾರಿನಲ್ಲಿ ಮಾಡುವ ಕೆಲಸವೇ ಇದು: ಚಕ್ರ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಡೈನಮೊ ಆಗಿ ಬ್ಯಾಟರಿಗೆ ವಿದ್ಯುತ್ ಕೊಡುತ್ತದೆ.

ಈಗ ಲೆಕ್ಕ ನೋಡೋಣ. ಬ್ಯಾಟರಿಯಲ್ಲಿ ಬಳಸಬಹುದಾದ ಶಕ್ತಿ 4 ಮೆಗಾಜೂಲ್. ಮೋಟಾರನ್ನು ಪೂರ್ತಿ ಶಕ್ತಿಯಲ್ಲಿ ಓಡಿಸಿದರೆ ಅದು ಮುಗಿಯಲು ಹನ್ನೊಂದು ಸೆಕೆಂಡು ಚಿಲ್ಲರೆ ಸಾಕು. ಮೊಂಜಾದ ಸುತ್ತಿನಲ್ಲಿ ಮುಕ್ಕಾಲು ಪಾಲು ಹೊತ್ತು ಆಕ್ಸಿಲರೇಟರ್ ನೆಲ ಮುಟ್ಟಿರುತ್ತದೆ, ಅಂದರೆ ಸುಮಾರು ಒಂದು ನಿಮಿಷ. ಜೋರಾಗಿ ಬ್ರೇಕ್ ಬೀಳುವುದು ಐದಾರು ಕಡೆ ಮಾತ್ರ. ಮುಖ್ಯ ನೇರ ದಾರಿಯ ಕೊನೆಯ ರೆಟ್ಟಿಫಿಲೊ ತಿರುವನ್ನೇ ತೆಗೆದುಕೊಳ್ಳಿ. ಚಾಲಕನೂ ಸೇರಿ 800 ಕಿಲೋ ತೂಗುವ ಕಾರು ಗಂಟೆಗೆ 340 ಕಿ.ಮೀ.ಯಿಂದ 80ಕ್ಕೆ ಇಳಿದರೆ ಸುಮಾರು 3.4 ಮೆಗಾಜೂಲ್ ಚಲನಶಕ್ತಿ ಬಿಟ್ಟುಕೊಡುತ್ತದೆ. ಆದರೆ ಅದು ನಡೆಯುವುದು ಎರಡು-ಎರಡೂವರೆ ಸೆಕೆಂಡಿನಲ್ಲಿ. ಅಷ್ಟರಲ್ಲಿ 350 ಕಿಲೋವ್ಯಾಟಿನ ಮೋಟಾರು ಹಿಡಿದಿಟ್ಟುಕೊಳ್ಳುವುದು ಒಂದು ಮೆಗಾಜೂಲಿಗೂ ಕಡಿಮೆ. ಮಿಕ್ಕದ್ದು ಬ್ರೇಕಿನ ಕಾರ್ಬನ್ ಬಿಲ್ಲೆಗಳನ್ನು ಕಾಯಿಸುತ್ತದೆ, ಗಾಳಿಗೆ ಹೋಗುತ್ತದೆ.

ಈ ಕೊರತೆ ತುಂಬಲು ದಾರಿಗಳೆರಡು. ತಿರುವಿಗೆ ಸ್ವಲ್ಪ ಮೊದಲೇ ಕಾಲು ಎತ್ತಿ ಕಾರನ್ನು ತೇಲಿಬಿಡುವುದು ಒಂದು. ಆಕ್ಸಿಲರೇಟರ್ ಒತ್ತಿರುವಾಗಲೇ ಇಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ತಿರುಗಿಸುವುದು ಇನ್ನೊಂದು. ಎರಡರಲ್ಲೂ ನೇರ ದಾರಿಯ ಕೊನೆಯಲ್ಲಿ ವೇಗ ಇಳಿಯುತ್ತದೆ. ಸಾಲದ್ದಕ್ಕೆ, ಗಂಟೆಗೆ 290 ಕಿ.ಮೀ. ದಾಟಿದ ಮೇಲೆ ಮೋಟಾರಿನ ನೆರವು ಇಳಿಯುತ್ತ ಹೋಗಬೇಕೆಂದು ನಿಯಮವೇ ಹೇಳುತ್ತದೆ. ಮುಂದಿನ ಕಾರಿಗೆ ಒಂದು ಸೆಕೆಂಡಿನಷ್ಟು ಹತ್ತಿರ ಬಂದವನಿಗೆ ಮಾತ್ರ ಹಿಂದಿಕ್ಕಲು ಹೆಚ್ಚಿನ ನೆರವು ಸಿಗುತ್ತದೆ.

ಇಲ್ಲಿ ಮೊಂಜಾದ ಇತಿಹಾಸ ಹೊಸ ಅರ್ಥ ಪಡೆಯುತ್ತದೆ. 1971ರವರೆಗೆ ಇಲ್ಲಿ ಇಂದಿನ ಅಂಕುಡೊಂಕಾದ ಬಿಗಿ ತಿರುವುಗಳು ಇರಲಿಲ್ಲ. ಕಾರುಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು, ಮುಂದಿನದು ಸೀಳಿದ ಗಾಳಿಯ ಮರೆಯಲ್ಲಿ ಓಡುತ್ತಿದ್ದವು. ಆ ವರ್ಷ ಪೀಟರ್ ಗೆಥಿನ್ ಗೆದ್ದದ್ದು 0.01 ಸೆಕೆಂಡಿನಿಂದ, ಮೊದಲ ಐದು ಕಾರುಗಳು 0.61 ಸೆಕೆಂಡಿನೊಳಗೆ ಗೆರೆ ದಾಟಿದವು. ವೇಗ ಮಿತಿ ಮೀರಿತೆಂದು 1972ರಲ್ಲಿ ಎರಡು ಕಡೆ, 1976ರಲ್ಲಿ ರೊಜ್ಜಾ ಎಂಬಲ್ಲಿ ಇನ್ನೊಂದು ಕಡೆ ಅಡ್ಡ ತಿರುವುಗಳನ್ನು ಹಾಕಿದರು. ವೇಗಕ್ಕೆ ಕಡಿವಾಣ ಹಾಕಲು ಬಂದ ಆ ತಿರುವುಗಳೇ ಇಂದಿನ ಕಾರಿಗೆ ಬ್ಯಾಟರಿ ತುಂಬುವ ಜಾಗಗಳು. ಅವಿಲ್ಲದ ಹಳೆಯ ಮೊಂಜಾದಲ್ಲಿ ಹೊಸ ಕಾರು ಬಹುಪಾಲು ಹೊತ್ತು ತನ್ನ ಅರ್ಧ ಶಕ್ತಿಯನ್ನು ಕಳೆದುಕೊಂಡೇ ಓಡಬೇಕಾಗುತ್ತಿತ್ತು.

ಗಾಳಿಯ ಮರೆಯಿಂದಲೂ ಈಗ ಎರಡು ಲಾಭ. ಹಿಂದಿನ ಕಾರಿಗೆ ತಡೆ ಕಡಿಮೆಯಾದರೆ ವೇಗ ಸಿಗುತ್ತದೆ; ಬೇಡವೆಂದರೆ ಅಷ್ಟು ವಿದ್ಯುತ್ ಉಳಿಯುತ್ತದೆ. 2019ರಲ್ಲಿ ಅರ್ಹತಾ ಸುತ್ತಿನ ಕೊನೆಯಲ್ಲಿ ಎಲ್ಲರೂ ಇನ್ನೊಬ್ಬರ ಮರೆಗಾಗಿ ಕಾಯುತ್ತ ನಿಧಾನವಾಗಿ ಸಾಗಿ, ಬಹುತೇಕರು ಹೊತ್ತು ಮೀರಿ ಕೊನೆಯ ಸುತ್ತನ್ನೇ ಕಳೆದುಕೊಂಡಿದ್ದರು. ಶನಿವಾರ ಆ ಚೌಕಾಶಿ ಮತ್ತೆ ಕಂಡರೆ ಅಚ್ಚರಿಪಡಬೇಕಿಲ್ಲ.

ಭಾನುವಾರ ಟಿ.ವಿ. ಮುಂದೆ ಕೂತವರು ಪರದೆಯ ಮೇಲಿನ ವೇಗದ ಅಂಕಿಯನ್ನು ರೆಟ್ಟಿಫಿಲೊಗೆ ಇನ್ನೂರು-ಮುನ್ನೂರು ಮೀಟರ್ ಇರುವಾಗ ಗಮನಿಸಿ. ಬ್ರೇಕ್ ಬೀಳುವ ಮೊದಲೇ ಅದು ಇಳಿಯತೊಡಗಿದರೆ ಆ ಚಾಲಕ ಹೆದರಿದನೆಂದೋ ಇಂಜಿನ್ ಕೆಟ್ಟಿತೆಂದೋ ತಿಳಿಯಬೇಡಿ. ಮುಂದಿನ ನೇರ ದಾರಿಗೆ ಬೇಕಾದ ವಿದ್ಯುತ್ತನ್ನು ಆತ ಅಲ್ಲೇ ಗಳಿಸುತ್ತಿರುತ್ತಾನೆ. ಈ ಸಲ ಮೊಂಜಾ ಗೆಲ್ಲುವವನು ಎಲ್ಲಿ ನಿಧಾನವಾಗಬೇಕೆಂದು ಚೆನ್ನಾಗಿ ಬಲ್ಲವನು.