ನಾಲ್ಕು ಅಂದಾಜು, ಒಂದು ಕಥೆ

ರೂ. 1.76 ಲಕ್ಷ ಕೋಟಿ. ಈ ಮೊತ್ತ ಯಾವ ಪ್ರಕರಣದ್ದೆಂದು ಓದುಗರಿಗೆ ಹೇಳಬೇಕಾಗಿಲ್ಲ. 2ಜಿ ತರಂಗಾಂತರ ಹಂಚಿಕೆ ಕುರಿತ ಮಹಾಲೇಖಪಾಲರ ವರದಿ 2010ರ ನವೆಂಬರಿನಲ್ಲಿ ಸಂಸತ್ತಿನಲ್ಲಿ ಮಂಡನೆಯಾದಂದಿನಿಂದ ಅದು ಜನರ ನಾಲಗೆಯ ಮೇಲಿದೆ. ಆದರೆ ಅದೇ ವರದಿಯಲ್ಲಿ ಇನ್ನೂ ಮೂರು ಅಂದಾಜುಗಳಿದ್ದುದು ಎಷ್ಟು ಮಂದಿಗೆ ನೆನಪಿದೆ? ಅತಿ ಕಡಿಮೆಯದು ರೂ. 57,666 ಕೋಟಿ. 2010ರ 3ಜಿ ಹರಾಜಿನ ದರವನ್ನು 2008ರ ಹಂಚಿಕೆಗೆ ಅನ್ವಯಿಸಿದಾಗ ದೊರೆತ ಅತಿ ದೊಡ್ಡ ಮೊತ್ತವೇ ಪತ್ರಿಕೆಗಳ ತಲೆಬರಹವಾಯಿತು. 'ಅಂದಾಜು' ಎಂಬ ವಿಶೇಷಣ ಬಹುಬೇಗ ಉದುರಿಹೋಗಿ, 'ನಷ್ಟ'ವು ವೇದಿಕೆಗಳ ಮೇಲೆ 'ಲೂಟಿ'ಯಾಯಿತು.

ಬೊಕ್ಕಸಕ್ಕೆ ಬಾರದ ಆದಾಯ ಬೇರೆ, ಬೊಕ್ಕಸದಿಂದ ಕದ್ದ ಹಣ ಬೇರೆ. ಅರ್ಥಶಾಸ್ತ್ರ ಓದಿ, ಸೇವೆಯುದ್ದಕ್ಕೂ ಆಡಿಟ್ ಆಕ್ಷೇಪಣೆಗಳಿಗೆ ಉತ್ತರ ಬರೆದ ನನಗೆ ಇದು ತಿಳಿಯದ ಸಂಗತಿಯಲ್ಲ. ಆದರೂ ಆ ದಿನಗಳಲ್ಲಿ ಮದುವೆಯೊಂದರ ಪಂಕ್ತಿಯಲ್ಲಿ ಕುಳಿತು, 'ಅಷ್ಟೂ ಹಣವನ್ನು ನುಂಗಿದರು' ಎಂದು ನಾನೇ ಆಡಿದ್ದೆ. ಬಡವನ ಹಣ, ನುಂಗಿದ ಖಳ, ಎಣಿಸಲಾಗದಷ್ಟು ಸೊನ್ನೆಗಳು: ಕಥೆಗೆ ಇನ್ನೇನು ಬೇಕು?

ಹಾಗೆಂದು ತಪ್ಪೇ ನಡೆದಿರಲಿಲ್ಲವೆಂದಲ್ಲ. 2001ರಲ್ಲಿ ನಿಗದಿಯಾದ ರೂ. 1,658 ಕೋಟಿಯ ದರದಲ್ಲೇ 2008ರಲ್ಲಿ ಅಖಿಲ ಭಾರತ ಪರವಾನಗಿ ನೀಡಲಾಯಿತು. 2007ರ ಅಕ್ಟೋಬರ್ 1ರವರೆಗೆ ಅರ್ಜಿ ಸ್ವೀಕರಿಸಿ, ಬಳಿಕ ಸೆಪ್ಟೆಂಬರ್ 25ರವರೆಗೆ ಬಂದವನ್ನಷ್ಟೇ ಪರಿಗಣಿಸಲಾಯಿತು. ಕಡತ ನೋಡಿ ಬೆಳೆದವನಿಗೆ ಈ ಆರು ದಿನಗಳ ಅಂತರವೇ ಆ ಸೊನ್ನೆಗಳೆಲ್ಲಕ್ಕಿಂತ ಗಂಭೀರ. ಹಂಚಿಕೆ ಸ್ವೇಚ್ಛೆಯದೆಂದು 2012ರ ಫೆಬ್ರುವರಿ 2ರಂದು 122 ಪರವಾನಗಿಗಳನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಆದರೆ ದಿನಾಂಕದ ತಿದ್ದುಪಡಿಯನ್ನು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದು ಹೇಗೆ?

2017ರ ಡಿಸೆಂಬರ್ 21ರಂದು ವಿಶೇಷ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಖುಲಾಸೆಗೊಳಿಸಿದಾಗ ಎದುರು ಪಾಳೆಯದವರೂ ಒಂದು ಕಥೆ ಕಟ್ಟಿದರು: ಹಗರಣವೇ ನಡೆದಿರಲಿಲ್ಲ. ಕ್ರಿಮಿನಲ್ ಆರೋಪ ಸಾಬೀತಾಗದಿರುವುದೂ ಹಂಚಿಕೆ ಸಕ್ರಮವಾಗಿರುವುದೂ ಒಂದೇ ಅಲ್ಲವೆಂದು ಬಿಡಿಸಿ ಹೇಳುವ ವ್ಯವಧಾನ ಟಿ.ವಿ. ಚರ್ಚೆಗಳಿಗಿರಲಿಲ್ಲ. ಸಿಬಿಐ ಮೇಲ್ಮನವಿಯನ್ನು ದೆಹಲಿ ಹೈಕೋರ್ಟ್ 2024ರಲ್ಲಿ ವಿಚಾರಣೆಗೆ ಅಂಗೀಕರಿಸಿದ ಸುದ್ದಿ ಎಷ್ಟು ಮಂದಿಯ ಕಣ್ಣಿಗೆ ಬಿದ್ದಿತೋ.

ತೀರ್ಪಿನ ನಂತರ ಮತ್ತೊಂದು ಮದುವೆಯಲ್ಲಿ, ಅಂದು ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಬೀಗರೇ ಸಿಕ್ಕರು. 'ಹಾಗಾದರೆ ಅದೆಲ್ಲ ಸುಳ್ಳೇನು ಸ್ವಾಮಿ?' ಎಂದು ಕೇಳಿದರು. ನಾಲ್ಕು ಅಂದಾಜುಗಳ ಪೈಕಿ ಎರಡನೆಯದನ್ನು ವಿವರಿಸುವಷ್ಟರಲ್ಲಿ ಅವರು ಪಾಯಸ ಬಡಿಸುವವನನ್ನು ಕೂಗಿ ಕರೆದರು.