ಹೊಗೆಗೆ ಸರ್ಟಿಫಿಕೇಟು, ಟೈರಿಗೆ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ತಂದೆಯ ಹನ್ನೆರಡು ವರ್ಷದ ಬೈಕಿನಲ್ಲಿ ಮನೆಗೆ ಬಂದ. ಮುಂದಿನ ಟೈರು ಸವೆದು ಬೋಳಾಗಿತ್ತು. ಕೇಳಿದರೆ, 'ಎಮಿಷನ್ ಸರ್ಟಿಫಿಕೇಟ್ ಇದೆ ಸಾರ್' ಎಂದ!

ಆ ಪತ್ರ ಹೇಳುವುದು ಹೊಗೆಯ ವಿಷಯ ಮಾತ್ರ. ಯಂತ್ರ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್‌ಗಳನ್ನು ಅಳೆಯುತ್ತದೆ; ಬ್ರೇಕನ್ನು ಯಾರೂ ಮುಟ್ಟಿ ನೋಡುವುದಿಲ್ಲ. ನಮ್ಮಲ್ಲಿ ಸ್ವಂತ ಬಳಕೆಯ ದ್ವಿಚಕ್ರ ವಾಹನದ ನೋಂದಣಿ 15 ವರ್ಷ ಊರ್ಜಿತ. ಯೋಗ್ಯತಾ ತಪಾಸಣೆ ಅದನ್ನು ನವೀಕರಿಸುವಾಗಲೇ.

ಇಂಗ್ಲೆಂಡಿನಲ್ಲಿ ಹಾಗಲ್ಲ. 1960ರಲ್ಲಿ ಆರಂಭವಾದ ಎಂ.ಓ.ಟಿ. ಪರೀಕ್ಷೆಗೆ ಈಗ ಮೂರು ವರ್ಷ ತುಂಬಿದ ಮೋಟಾರ್ ಸೈಕಲ್ ಪ್ರತಿವರ್ಷ ಹಾಜರಾಗಬೇಕು. ಮುಂದಿನ ಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲನ್ನು ಎಡಬಲಕ್ಕೆ ತಿರುಗಿಸಿ ನೋಡುತ್ತಾರೆ. ಬಿಗಿಯಾಗಿ ತಡೆದರೆ ಬೇರಿಂಗ್ ಮೇಲೆ ಅನುಮಾನ. ಚೈನು, ದೀಪ, ಬ್ರೇಕುಗಳ ಸರದಿಯೂ ಉಂಟು. 50 ಸಿ.ಸಿ. ಮೀರಿದ ಬೈಕಾದರೆ ಟೈರಿನ ಅಗಲದ ಮುಕ್ಕಾಲು ಭಾಗದಲ್ಲಾದರೂ ತೋಡುಗಳು 1 ಮಿ.ಮೀ. ಆಳವಿರಬೇಕು.

ಒಂದು ಮಿಲಿಮೀಟರಿಗೆ ಇಷ್ಟು ಚೌಕಾಸಿಯೇ ಎನ್ನಬೇಡಿ. ಮಳೆನೀರು ಚಕ್ರದಡಿಯಿಂದ ಹೊರಹೋಗುವುದು ಈ ತೋಡುಗಳ ಮೂಲಕವೇ. ನೀರಿನ ಪದರ ನಡುವೆ ಉಳಿದರೆ ಘರ್ಷಣೆ ಕುಗ್ಗಿ, ಬ್ರೇಕ್ ಹಿಡಿದರೂ ಬೈಕು ಜಾರುತ್ತದೆ. ಅದರ ಮೇಲೆ ವೇಗ ಎರಡರಷ್ಟಾದರೆ ಚಲನ ಶಕ್ತಿ ನಾಲ್ಕರಷ್ಟು. ಬ್ರೇಕ್ ಹಿಡಿದ ಮೇಲೆ ಸಾಗುವ ದೂರವೂ ಸುಮಾರು ನಾಲ್ಕರಷ್ಟು. ಈ ಲೆಕ್ಕ ಒಂಬತ್ತನೆಯ ತರಗತಿಯಲ್ಲೇ ಮಾಡಿಸಿದ್ದೆ. ಅವನು ಸರಿಯಾಗಿಯೇ ಮಾಡಿದ್ದ!

ಆ ದಿನ ಬೈಕು ನಮ್ಮ ಅಂಗಳದಲ್ಲೇ ಉಳಿಯಿತು. ಹುಡುಗ ಮುಖ ಊದಿಸಿಕೊಂಡು ಬಸ್ಸಿನಲ್ಲಿ ಹೋದ. ಭಾನುವಾರ ಅವನ ತಂದೆ ಹೊಸ ಟೈರಿನೊಡನೆ ಬಂದರು.